ನೈಸಾಗಿ ಜಾರುತ್ತಿರುವ ಕನ್ನಡ

ಇಂಗ್ಲಿಷಿನಲ್ಲಿ ಒಂದೊಂದು ಮಾತಿಗೂ ಖಚಿತವಾದ ಅರ್ಥವುಂಟು, ಕನ್ನಡದಲ್ಲಿ ಎಲ್ಲವೂ ಅಂದಾಜು. ಹೊರನಾಡಿನಲ್ಲಿ ನೆಲೆಸಿರುವ ನಾವು ಈ ಮಾತನ್ನು ಕೇಳಿ ಕೇಳಿ ಬೇಸತ್ತಿದ್ದೇವೆ. ಮದುವೆಯ ಪಂಕ್ತಿಯಲ್ಲಿ, ರಾಜ್ಯೋತ್ಸವದ ಸಭೆ ಮುಗಿದ ಮೇಲಿನ ಕಾಫಿಯ ಹೊತ್ತಿನಲ್ಲಿ, ಲೋಕಲ್ ರೈಲಿನ ಬಾಗಿಲ ಬಳಿ ನಿಂತು, ಯಾರಾದರೊಬ್ಬ ವಿದ್ಯಾವಂತರು ಇದನ್ನು ಹೇಳಿಯೇ ತೀರುತ್ತಾರೆ. ಹೇಳಿದ ಮೇಲೆ ಅದರ ಬಾಲಕ್ಕೆ ಇನ್ನೊಂದು ಮಾತು ಬರುತ್ತದೆ: "ಅದಕ್ಕೇ ನೋಡಿ, ಮನೆಯಲ್ಲಿ ಮಕ್ಕಳ ಹತ್ತಿರ ಇಂಗ್ಲಿಷೇ ಆಡುತ್ತೇವೆ. ಯೋಚನೆ ಸ್ಪಷ್ಟವಾಗುತ್ತದೆ."

ಈ ವಾದವನ್ನು ಇಂದು ಎದುರಿಸಿಯೇ ಬಿಡೋಣವೆಂದು ಹೊರಟಿದ್ದೇವೆ. ತಾಯ್ನುಡಿಯ ಅಭಿಮಾನವನ್ನು ಕೆರಳಿಸಿ ಗೆಲ್ಲುವ ಉದ್ದೇಶ ನಮಗಿಲ್ಲ. ಅಭಿಮಾನದ ಭಾಷಣಗಳು ನವೆಂಬರಿನಲ್ಲಿ ಬೇಕಾದಷ್ಟಾಗುತ್ತವೆ. ಆ ಹಿರಿಯರು ಯಾವ ಭಾಷೆಯನ್ನು ಖಚಿತವೆಂದು ಹೊಗಳುತ್ತಾರೋ ಆ ಭಾಷೆಯಿಂದಲೇ ಒಂದು ಸಾಕ್ಷಿಯನ್ನು ಕರೆಸೋಣ. ದೊಡ್ಡ ಪದವೇನೂ ಬೇಡ. ಅವರ ಮಕ್ಕಳ ಬಾಯಲ್ಲಿ ಹಗಲಿರುಳು ಆಡುವ ಮಾತೇ ಸಾಕು: 'ನೈಸ್'.

ಅಜ್ಜಿ ಊರಿನಿಂದ ಹೊತ್ತು ತಂದ ಚಕ್ಕುಲಿ ನೈಸ್. ಸಂಘದ ರಂಗಮಂದಿರದಲ್ಲಿ ಕಂಡ ನಾಟಕ ನೈಸ್. ಹೊಸ ಟೀಚರು ನೈಸ್. ಮಳೆ ನಿಂತ ಮೇಲಿನ ಸಂಜೆ ನೈಸ್. ಚಿಕ್ಕಮ್ಮನ ರೇಷ್ಮೆ ಸೀರೆ ನೈಸ್. ಆ ಚಿಕ್ಕಮ್ಮನೂ ನೈಸ್. ಇಷ್ಟೊಂದು ಕೆಲಸ ಮಾಡುವ ಈ ಮಾತಿನ ಕುಲಗೋತ್ರ ಯಾವುದು? ವಿಚಾರಿಸೋಣ.

ದಡ್ಡನಾಗಿ ಹುಟ್ಟಿದ ಪದ

ನೈಸ್ ಎಂಬುದರ ಮೂಲ ಲ್ಯಾಟಿನ್ನಿನ 'ನೆಸ್ಕಿಯುಸ್'. 'ನೆ' ಎಂದರೆ ಇಲ್ಲ. ಸಂಸ್ಕೃತದ 'ನ' ಇದಕ್ಕೆ ಹತ್ತಿರದ ಬಂಧು. 'ಸ್ಕೀರೆ' ಎಂದರೆ ತಿಳಿ, ಅರಿ. ಎರಡೂ ಕೂಡಿದರೆ ಅರಿಯದವನು, ಅಜ್ಞ. ಈ 'ಸ್ಕೀರೆ' ಧಾತುವಿನಿಂದಲೇ 'ಸೈನ್ಸ್' ಎಂಬ ಪದವೂ ಹುಟ್ಟಿತು. ಅಂದರೆ ಇಂಗ್ಲಿಷು ವಿಜ್ಞಾನದ ಭಾಷೆ ಎನ್ನುವ ನಮ್ಮ ಮಿತ್ರರು ಗಂಟೆಗೆ ಹತ್ತು ಸಲ ಉಚ್ಚರಿಸುವ ಪದ ಹುಟ್ಟಿನಿಂದ ವಿಜ್ಞಾನಕ್ಕೆ ಸರಿಯಾಗಿ ವಿರುದ್ಧವಾದದ್ದು! ಸೈನ್ಸ್ ತಿಳಿವಾದರೆ ನೈಸ್ ತಿಳಿಗೇಡಿತನ.

ಲ್ಯಾಟಿನ್ನಿನಿಂದ ಅದು ಹಳೆಯ ಫ್ರೆಂಚಿಗೆ ಇಳಿಯಿತು. ಅಲ್ಲಿ ಅದರ ಅರ್ಥ ಮಂಕ, ಪೆದ್ದ. ನಾರ್ಮನ್ನರು 1066ರಲ್ಲಿ ಇಂಗ್ಲೆಂಡನ್ನು ಗೆದ್ದ ಮೇಲೆ ಸಾವಿರಾರು ಫ್ರೆಂಚ್ ಪದಗಳು ಇಂಗ್ಲಿಷಿಗೆ ಹರಿದವಷ್ಟೆ. ಆ ಹೊಳೆಯಲ್ಲಿ ಇದೂ ತೇಲಿಬಂತು. 14ನೆಯ ಶತಮಾನದ ಕವಿ ಚಾಸರ್ ಒಬ್ಬನನ್ನು ನೈಸ್ ಎಂದರೆ ಆತ ಮೂರ್ಖನೆಂದೇ ಅಂದಿನ ಓದುಗರು ತಿಳಿಯುತ್ತಿದ್ದರು. ಅದೇ ಲ್ಯಾಟಿನ್ ಮೂಲದಿಂದ ಹೊರಟ ಸ್ಪ್ಯಾನಿಷಿನ 'ನೆಸಿಯೊ' ಇಂದಿಗೂ ದಡ್ಡನೆಂಬ ಅರ್ಥದಲ್ಲೇ ನಿಂತಿದೆ. ಅಣ್ಣ ಊರಿನಲ್ಲೇ ಉಳಿದ. ತಮ್ಮ ಪರದೇಶಕ್ಕೆ ಹೋಗಿ ವೇಷ ಬದಲಿಸಿದ.

ಎಷ್ಟು ವೇಷ! ಮೊದಲು ದಡ್ಡ. ಆಮೇಲೆ ಲಂಗುಲಗಾಮಿಲ್ಲದವನು, ಲಂಪಟ. ಆಮೇಲೆ ಇದಕ್ಕೆ ತೀರ ತಿರುಗುಮುರುಗಾಗಿ ನಾಚಿಕೆಯವನು, ಸಂಕೋಚದವನು. ಅಲ್ಲಿಂದ ಮುಂದೆ ಎಲ್ಲದಕ್ಕೂ ಮೂಗು ಮುರಿಯುವವನು, ಮಡಿವಂತ. ಹೀಗೆ ಆರಿಸಿ ತೂಗಿ ನೋಡುವವನ ಕಣ್ಣಿಗೆ ಸಣ್ಣ ವ್ಯತ್ಯಾಸವೂ ಕಾಣುವುದರಿಂದ 16ನೆಯ ಶತಮಾನದ ಹೊತ್ತಿಗೆ ಅದಕ್ಕೆ ಸೂಕ್ಷ್ಮ, ನಿಖರ ಎಂಬ ಅರ್ಥಗಳು ಕೂಡಿಕೊಂಡವು. ಏನನ್ನೂ ಅರಿಯದವನೆಂದು ಶುರುವಾದ ಪದ ಎಲ್ಲವನ್ನೂ ಕೂದಲು ಸೀಳಿದಂತೆ ಅರಿಯುವವನೆಂಬಲ್ಲಿಗೆ ಬಂದು ನಿಂತಿತು. ವಕೀಲರು ಕಾನೂನಿನ ಒಂದು ನವಿರಾದ ತೊಡಕನ್ನು 'ನೈಸ್ ಪಾಯಿಂಟ್' ಎನ್ನುವುದು ಈ ಅರ್ಥದಲ್ಲಿ. ಅದರಲ್ಲಿ ಹಿತವಾದದ್ದೇನೂ ಇಲ್ಲ.

ಷೇಕ್ಸ್‌ಪಿಯರನಲ್ಲಿ ಇನ್ನೊಂದೇ ಬಗೆ. ರೋಮಿಯೋ ಜೂಲಿಯೆಟ್ ನಾಟಕದಲ್ಲಿ ಪಾದ್ರಿ ಲಾರೆನ್ಸ್ ರೋಮಿಯೋಗೆ ಕಳುಹಿಸಿದ ಪತ್ರ ತಲಪದೆ ಹಿಂದಿರುಗುತ್ತದೆ. ಆ ಪತ್ರ ನೈಸ್ ಆದದ್ದಲ್ಲವೆಂದು ಆತ ಹಲುಬುತ್ತಾನೆ. ನಮ್ಮ ಕಾಲೇಜು ಹುಡುಗ ಇದನ್ನು ಓದಿದರೆ ಪತ್ರ ಚೆನ್ನಾಗಿರಲಿಲ್ಲವೆಂದು ತಿಳಿದಾನು. ಪಾದ್ರಿಯ ಅಭಿಪ್ರಾಯ ಬೇರೆ: ಅದು ಕ್ಷುಲ್ಲಕವಾದ ಪತ್ರವಲ್ಲ, ಬಹಳ ತೂಕದ್ದು. ಎರಡು ಜೀವಗಳನ್ನು ಉಳಿಸಬಹುದಾಗಿದ್ದ ಪತ್ರ ಅದು.

1755ರಲ್ಲಿ ಡಾಕ್ಟರ್ ಜಾನ್ಸನ್ ತನ್ನ ಹೆಸರಾಂತ ನಿಘಂಟನ್ನು ಹೊರತಂದಾಗ ಈ ಪದಕ್ಕೆ ಕೊಟ್ಟ ಅರ್ಥಗಳಲ್ಲಿ ಮುಖ್ಯವಾದವು ನಿಖರ, ಸೂಕ್ಷ್ಮ, ನಾಜೂಕು, ಅತಿಯಾದ ಮಡಿ ಎಂಬವೇ. ಹಿತವಾದದ್ದು, ಮೆಚ್ಚತಕ್ಕದ್ದು ಎಂಬ ಅರ್ಥ ಬಳಕೆಯಲ್ಲಿ ಹಬ್ಬಿದ್ದು ಆ ಶತಮಾನದ ಉತ್ತರಾರ್ಧದಲ್ಲಿ. ಹಬ್ಬಿದ ಮೇಲೂ ಹಳೆಯದು ಒಮ್ಮೆಗೇ ಸಾಯಲಿಲ್ಲ. 1815ರಲ್ಲಿ ವಾಟರ್‌ಲೂ ಕದನ ಮುಗಿದ ಮರುದಿನ ವೆಲಿಂಗ್ಟನ್, ಕ್ರೀವಿ ಎಂಬ ಪರಿಚಿತನೊಡನೆ ಮಾತಾಡುತ್ತ ಆ ಯುದ್ಧವನ್ನು ನೈಸ್ ಎಂದನಂತೆ. ಈತ ನಮಗೆ ಅಪರಿಚಿತನಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿ ಅಧಿಕಾರ ನಡೆಸಿದ ಆರ್ಥರ್ ವೆಲ್ಲೆಸ್ಲಿಯೇ ಇವನು. ಸಾವಿರಾರು ಹೆಣ ಬಿದ್ದ ಕಣವನ್ನು ಕಂಡು ಸೊಗಸಾಗಿತ್ತೆಂದು ಹೇಳುವಷ್ಟು ಕಟುಕನಲ್ಲ ಆತ. ಕೂದಲೆಳೆಯಲ್ಲಿ ಗೆದ್ದೆವು, ತಕ್ಕಡಿ ಆ ಕಡೆಗೋ ಈ ಕಡೆಗೋ ಎನ್ನುವಂತಿತ್ತು ಎಂಬುದು ಅವನ ಅರ್ಥ.

ಇಂದು ಇದೇ ಪದವನ್ನು ಮೂದಲಿಕೆಗೂ ಬಳಸುತ್ತಾರೆ. ಕಾರ್ಪೆಟ್ಟಿನ ಮೇಲೆ ಮಸಿ ಚೆಲ್ಲಿದ ಮಗನಿಗೆ ಇಂಗ್ಲಿಷ್ ತಾಯಿ "ನೈಸ್ ಕೆಲಸ ಮಾಡಿದೆ" ಎಂದರೆ ಅದು ಮೆಚ್ಚುಗೆಯಲ್ಲವಷ್ಟೆ.

ದಡ್ಡ, ಲಂಪಟ, ಸಂಕೋಚಿ, ಮಡಿವಂತ, ಕ್ಷುಲ್ಲಕ, ನಿಖರ, ಕೂದಲೆಳೆಯದು, ಹಿತವಾದದ್ದು, ಕೊನೆಗೆ ವ್ಯಂಗ್ಯದಲ್ಲಿ ಕೆಟ್ಟದ್ದು. ಏಳು ನೂರು ವರ್ಷಗಳಲ್ಲಿ ಒಂದು ಸಣ್ಣ ವಿಶೇಷಣ ತಿರುಗಿದ ಕೇರಿಗಳಿವು. ಒಂದು ಮಾತಿಗೆ ಒಂದೇ ಅರ್ಥವೆಂಬ ಹಿರಿಯರನ್ನು ನಾವು ಕೇಳುತ್ತೇವೆ: ಇವುಗಳಲ್ಲಿ ಯಾವುದು ಆ ಒಂದು?

ಮಡಿವಂತರಿಗೂ ಒಂದು ಮಾತು

ಇಷ್ಟನ್ನು ಓದಿ ನಮ್ಮ ಸಂಘದ ಇನ್ನೊಂದು ಪಕ್ಷದವರು ಮೀಸೆ ತಿರುವಿಕೊಳ್ಳಬಹುದು. ನೋಡಿದಿರಾ, ಇಂಗ್ಲಿಷು ಇಷ್ಟು ಹೊಲಸು ಭಾಷೆ, ನಮ್ಮದು ಪವಿತ್ರ, ಪರನುಡಿಯ ಒಂದು ಪದವನ್ನೂ ಹೊಸ್ತಿಲು ದಾಟಲು ಬಿಡಬಾರದು ಎನ್ನುವ ಪಕ್ಷವದು. ಅವರ ಜೊತೆಗೂ ನಾವು ನಿಲ್ಲಲಾರೆವು.

ಅರ್ಥ ತಿರುಗುವುದು ಭಾಷೆಯ ದೋಷವಲ್ಲ, ಬದುಕಿರುವ ಭಾಷೆಯ ಲಕ್ಷಣ. ನಮ್ಮ ಮನೆಯಲ್ಲೇ ನೋಡೋಣ. ಮಗುವಿನ ನಗುವನ್ನು ನಾವು 'ಮುಗ್ಧ' ಎಂದು ಮುದ್ದಿಸುತ್ತೇವೆ. ಈ ಪದ ಹುಟ್ಟಿದ್ದು ಸಂಸ್ಕೃತದ 'ಮುಹ್' ಧಾತುವಿನಿಂದ. ಅದರ ಅರ್ಥ ಗೊಂದಲಗೊಳ್ಳು, ಮತಿಗೆಡು. 'ಮೂಢ' ಎಂಬುದು ಇದರ ಒಡಹುಟ್ಟು, 'ಮೋಹ' ಇನ್ನೊಂದು. ಮತಿಗೆಟ್ಟವನೆಂಬ ಪದ ಏನೂ ತಿಳಿಯದವನಾಗಿ, ಕಪಟ ತಿಳಿಯದವನಾಗಿ, ಕೊನೆಗೆ ಮುದ್ದಾದವನಾಯಿತು. ನೈಸ್ ನಡೆದ ದಾರಿಯನ್ನೇ ನಮ್ಮ ಮುಗ್ಧವೂ ನಡೆದಿದೆ! ಇಂಗ್ಲಿಷಿನ 'ಸಿಲ್ಲಿ' ಎಂಬುದು ಇದಕ್ಕೆ ಎದುರು ದಾರಿ ಹಿಡಿಯಿತು: ದೈವಕೃಪೆ ಪಡೆದವನು, ಧನ್ಯ ಎಂದು ಹುಟ್ಟಿದ್ದು ನಿಷ್ಪಾಪಿಯಾಗಿ, ಪಾಪದವನಾಗಿ, ಇಂದು ಪೆದ್ದನಾಗಿ ಕುಳಿತಿದೆ. ನಮ್ಮಲ್ಲಿ ವೀರರಿಗೆ ಸಲ್ಲುವ 'ಸಾಹಸ' ಮನುಸ್ಮೃತಿಯ ವ್ಯವಹಾರ ಪ್ರಕರಣದಲ್ಲಿ ದಂಡನೆಗೆ ತಕ್ಕ ಹಿಂಸಾಪರಾಧ. ಪರಿಮಳಕ್ಕೂ ಸಲ್ಲುತ್ತಿದ್ದ 'ವಾಸನೆ' ಇಂದು "ಏನೋ ವಾಸನೆ" ಎಂದೊಡನೆ ಮೂಗು ಮುಚ್ಚಿಸುತ್ತದೆ.

ಹೊರನಾಡ ಕನ್ನಡಿಗರಿಗೆ ಈ ಪಾಠವನ್ನು ಪುಸ್ತಕದಿಂದ ಕಲಿಸಬೇಕಾಗಿಲ್ಲ; ಬೀದಿಯೇ ಕಲಿಸಿದೆ. ಹೈದರಾಬಾದಿನಲ್ಲಿ ತೆಲುಗರು 'ಅವಸರಂ' ಎಂದರೆ ಬೇಕು, ಅಗತ್ಯ ಎಂದರ್ಥ. ನಮಗೆ ಅವಸರ ಎಂದರೆ ತರಾತುರಿ. ದೆಹಲಿಯಲ್ಲಿ ಹಿಂದಿಯವರಿಗೆ ಅದು ಒದಗಿಬಂದ ಅವಕಾಶ. ಕನ್ನಡದ ಉಪನ್ಯಾಸ ಭಾಷಣವಾದರೆ ಹಿಂದಿಯ ಉಪನ್ಯಾಸ ಕಾದಂಬರಿ. ಹಿಂದಿಯವರು ಮಕ್ಕಳಿಗೆ ಶಿಕ್ಷಾ ಕೊಡಿಸುತ್ತೇವೆಂದರೆ ಓದಿಸುತ್ತಾರೆ. ನಾವು ಶಿಕ್ಷೆ ಕೊಡಿಸಿದರೆ ಅದೇ ಬೇರೆ. ಪುಣೆಯಲ್ಲಿ ಪಕ್ಕದ ಮನೆಯವರಿಗೆ 'ರಾಗ' ಬಂದಿದೆಯೆಂದು ತಿಳಿದಾಗ ಹಾಡು ಕೇಳಲು ಹೋಗಬಾರದು. ಅವರಿಗೆ ಬಂದಿರುವುದು ಸಿಟ್ಟು. ಒಂದೇ ಸಂಸ್ಕೃತದ ಬೀಜ, ಹೊಲ ಬೇರೆಯಾದಂತೆ ಬೆಳೆ ಬೇರೆ.

ಆದ್ದರಿಂದ ಪದದ ಹುಟ್ಟನ್ನು ಹಿಡಿದು ಇಂದಿನ ಅರ್ಥವನ್ನು ತಪ್ಪೆನ್ನುವುದು ತರವಲ್ಲ. ಜೇನ್ ಆಸ್ಟೆನ್ ತನ್ನ 'ನಾರ್ಥ್ಯಾಂಗರ್ ಅಬೆ' ಕಾದಂಬರಿಯಲ್ಲಿ ಇಂಥ ಒಬ್ಬ ಮಡಿವಂತನನ್ನು ಚೆನ್ನಾಗಿ ಕೆಣಕಿದ್ದಾಳೆ. ಅದು ಅಚ್ಚಾದದ್ದು ಅವಳು ತೀರಿಕೊಂಡ 1817ರ ಕೊನೆಯಲ್ಲಿ. ಅದರಲ್ಲಿ ಹೆನ್ರಿ ಟಿಲ್ನಿ ಎಂಬ ತರುಣ, ಕಂಡದ್ದಕ್ಕೆಲ್ಲ ನೈಸ್ ಎನ್ನುವ ಕ್ಯಾಥರೀನ್ ಎಂಬ ಹುಡುಗಿಯನ್ನು ಹಾಸ್ಯ ಮಾಡುತ್ತಾನೆ. ಮೊದಲು ಅಚ್ಚುಕಟ್ಟು, ನಯ, ಸಂಸ್ಕಾರಕ್ಕೆ ಮಾತ್ರ ಸಲ್ಲುತ್ತಿದ್ದ ಪದ ಈಗ ಎಲ್ಲದರ ಹೊಗಳಿಕೆಯೂ ಆಗಿಬಿಟ್ಟಿತೆಂಬುದು ಅವನ ದೂರು. ಪಾಪ, ಅವನು ಮೂಲವೆಂದು ತಿಳಿದದ್ದೂ ಮೂಲವಲ್ಲ, ಮೂಲ ದಡ್ಡತನ! ಅವನ ತಂಗಿ ಬಿಡುವವಳಲ್ಲ. ಅದೇ ಪದವನ್ನು ಹಳೆಯ ಅರ್ಥದಲ್ಲಿ ಹಿಡಿದು, ನಿನ್ನಲ್ಲಿ ಜಾಣತನಕ್ಕಿಂತ ಮಡಿಯೇ ಹೆಚ್ಚೆಂದು ಅಣ್ಣನ ಬಾಯಿ ಮುಚ್ಚಿಸುತ್ತಾಳೆ. ನಮ್ಮ ಶುದ್ಧ ಕನ್ನಡದ ಪಂಡಿತರು ಈ ತಂಗಿಯ ಮಾತನ್ನು ಆಗಾಗ ನೆನೆಯುವುದು ಒಳ್ಳೆಯದು.

ಆದರೆ ಟಿಲ್ನಿಯ ದೂರಿನಲ್ಲಿ ಅರ್ಧ ಸತ್ಯವಿದೆ, ಆ ಅರ್ಧವೇ ನಮಗೆ ಬೇಕಾದದ್ದು. ಪದದ ಅರ್ಥ ಬದಲಾಯಿತೆಂಬುದು ಚಿಂತೆಯಲ್ಲ. ಒಂದು ಪದ ಎಲ್ಲಕ್ಕೂ ಸಲ್ಲತೊಡಗಿದಾಗ ಯಾವುದನ್ನೂ ಹೇಳದೆ ಹೋಗುತ್ತದೆಂಬುದು ಚಿಂತೆ. ಇಂಗ್ಲಿಷರೇ ಇದನ್ನು ಕಂಡುಕೊಂಡಿದ್ದಾರೆ. 1926ರಲ್ಲಿ ಫೌಲರ್ ತನ್ನ ಪದಬಳಕೆಯ ಕೋಶದಲ್ಲಿ ಈ ಪದ ಅತಿಯಾದ ಪ್ರೀತಿಯಿಂದಲೇ ಕೆಟ್ಟಿತೆಂದು ಹಳಿದ. ಇಂಗ್ಲೆಂಡಿನ ಶಾಲೆಗಳಲ್ಲಿ ಪ್ರಬಂಧದೊಳಗೆ ನೈಸ್ ಕಂಡರೆ ಅದಕ್ಕೆ ಕೆಂಪು ಗೀಟು ಹಾಕುವ ಉಪಾಧ್ಯಾಯರಿದ್ದಾರೆ. ಅವರು ಗೀಟು ಹಾಕಿ ಬಿಸುಟದ್ದನ್ನು ನಾವು ಹೆಕ್ಕಿ ತಂದು ನಡುಮನೆಯಲ್ಲಿ ಇಟ್ಟುಕೊಂಡಿದ್ದೇವೆ.

ರುಬ್ಬುವ ಕಲ್ಲಿನ ಬಳಿಯ ನೈಸ್

ಇಲ್ಲಿ ಒಂದು ಸ್ವಾರಸ್ಯವಿದೆ. ಈ ಪದ ಕನ್ನಡಕ್ಕೆ ಇಂದು ನಿನ್ನೆ ಬಂದದ್ದಲ್ಲ. ನಮ್ಮ ತಾಯಂದಿರ ಅಡಿಗೆಮನೆಯಲ್ಲಿ ಅದು ಎಂದೋ ಸೇರಿಹೋಗಿದೆ. ದೋಸೆಯ ಹಿಟ್ಟನ್ನು ನೈಸಾಗಿ ರುಬ್ಬಬೇಕು, ಇಡ್ಲಿಯ ಅಕ್ಕಿ ತರಿತರಿಯಾಗಿರಬೇಕು. ಹಿಟ್ಟಿನ ಗಿರಣಿಯವನಿಗೆ "ನೈಸಾಗಿ ಬೀಸಪ್ಪ" ಎಂದರೆ ಸಾಕು. ಬಟ್ಟೆ ಅಂಗಡಿಯಲ್ಲಿ ಸೆರಗನ್ನು ಬೆರಳಲ್ಲಿ ಉಜ್ಜಿ ನೋಡಿ "ನೈಸಾಗಿದೆ" ಎಂದರೆ ನುಣುಪಾಗಿದೆ ಎಂದೇ ಅರ್ಥ. ಬೀದಿಯಲ್ಲಿ ಅದಕ್ಕೆ ಇನ್ನೊಂದು ಉದ್ಯೋಗ: ಸಾಲ ಕೊಟ್ಟವನನ್ನು ಕಂಡು ನೈಸಾಗಿ ಜಾರಿಕೊಂಡ. ಅಪ್ಪನನ್ನು ನೈಸ್ ಮಾಡಿ ಸಿನಿಮಾಕ್ಕೆ ದುಡ್ಡು ಈಸಿಕೊಂಡ.

ಈ ಅರ್ಥಗಳನ್ನು ಲಂಡನ್ನಿನವನು ಕೇಳಿದರೆ ಕಣ್ಣು ಬಿಟ್ಟಾನು. ಇವು ಅವನವಲ್ಲ, ನಮ್ಮವು. ಶಾಲೆಯ ಮೆಟ್ಟಿಲು ಹತ್ತದ ಹೆಂಗಸರೂ ಗಿರಣಿಯವರೂ ಪರದೇಶದ ಪದವೊಂದನ್ನು ಬರಮಾಡಿಕೊಂಡು, ನಮ್ಮ 'ನಯ'ದ ಪಕ್ಕದಲ್ಲಿ ಕೂರಿಸಿ, ಅದಕ್ಕೆ ಕೈತುಂಬ ಕೆಲಸ ಕೊಟ್ಟರು. ಬೆರಳಿಗೆ ಸಿಕ್ಕುವ ನುಣುಪು, ಕಣ್ಣಿಗೆ ಸಿಕ್ಕದಂತೆ ಜಾರುವ ಜಾಣತನ, ಇವೆರಡು ಕೆಲಸ. ಎರಡೂ ಖಚಿತ, ಎರಡೂ ಚುರುಕು. ಜಿಡ್ಡಾದ ಪಾತ್ರೆಯನ್ನು ಹುಣಿಸೆಹಣ್ಣು ಹಾಕಿ ತಿಕ್ಕಿದಂತೆ ಪದವನ್ನು ಬೆಳಗಿದರು.

ನಮ್ಮ ವಿದ್ಯಾವಂತ ಕುಟುಂಬಗಳು ಮಾಡಿದ್ದೇನು? ಅದೇ ಪದವನ್ನು ಅದರ ಅತ್ಯಂತ ಸೋಮಾರಿ ಅರ್ಥದಲ್ಲಿ, ತಿಕ್ಕದೆ ತೊಳೆಯದೆ ತಂದುಕೊಂಡವು. ಎರವಲು ತರುವುದು ತಪ್ಪಲ್ಲ. ಕನ್ನಡ ಪ್ರಾಕೃತದಿಂದ ತಂದಿದೆ, ಪಾರ್ಸಿಯಿಂದ ತಂದಿದೆ, ಪೋರ್ಚುಗೀಸಿನಿಂದ ತಂದಿದೆ. ಮನೆಯ ಮೇಜು, ಗೋಡೆಯ ಅಲಮಾರು ಎಲ್ಲವೂ ಹೊರಗಿನವೇ. ಕೈಲಾಸಂ ತಮ್ಮ ನಾಟಕಗಳಲ್ಲಿ ಇಂಗ್ಲಿಷನ್ನು ಧಾರಾಳವಾಗಿ ಬೆರೆಸಿದರು. ಒಂದೊಂದು ಇಂಗ್ಲಿಷ್ ಮಾತೂ ಆಡುವವನ ಡಂಭವನ್ನೋ ತಬ್ಬಿಬ್ಬನ್ನೋ ಬಯಲಿಗೆಳೆಯುತ್ತದೆ. ಅದು ತಿಳಿದವರ ಬೆರಕೆ. ಇಲ್ಲದ್ದನ್ನು ತಂದರೆ ಮನೆ ತುಂಬುತ್ತದೆ. ಇರುವ ಹತ್ತನ್ನು ಹೊರಗೆ ಹಾಕಿ ಒಂದನ್ನು ತಂದರೆ?

ಹೊರಗೆ ಹೋದದ್ದು ಏನೇನು

ಆ ಹತ್ತನ್ನು ಎಣಿಸೋಣ. ಕಿವಿಗೆ ಹಿತವಾದದ್ದು ಇಂಪು. ಮೂಗಿಗೆ ಹಿತವಾದದ್ದು ಕಂಪು. ಮೈಗೆ ಹಿತವಾದದ್ದು ತಂಪು. ಕೈಗೆ ಹಿತವಾದದ್ದು ನುಣುಪು. ಕಣ್ಣಿಗೆ ಹಿತವಾದದ್ದು ಸೊಂಪು, ಸೊಗಸು, ಚೆಲುವು. ನಾಲಗೆಗೆ ಹಿತವಾದದ್ದು ರುಚಿ. ಉಪ್ಪು ಹುಳಿ ಖಾರ ಒಂದನ್ನೊಂದು ಮೀರದಿದ್ದರೆ ಹದ. ಚಕ್ಕುಲಿ ಗರಿಗರಿ, ಹೋಳಿಗೆ ಮೃದು, ಮಲ್ಲಿಗೆ ಇಡ್ಲಿ ಹಗುರ, ತುಪ್ಪ ಘಮಘಮ. ಮನೆ ಅಚ್ಚುಕಟ್ಟು, ಕಪಾಟು ಒಪ್ಪ ಓರಣ, ಅಂಗಳ ಚೊಕ್ಕಟ, ಕಸೂತಿ ನವಿರು, ಗಾಜಿನ ಬಳೆ ನಾಜೂಕು. ಮನುಷ್ಯ ಸಾಧು, ಸರಳ, ಸಜ್ಜನ, ನಯವಂತ, ಹಸನ್ಮುಖಿ. ಗಾಳಿ ಹಿತ, ಎಳೆಬಿಸಿಲು ಹಿತ, ನೆರೆಹೊರೆ ಹಿತ.

ಇವು ನಿಘಂಟಿನಿಂದ ಕೆದಕಿ ತೆಗೆದ ಪದಗಳಲ್ಲ. 1894ರಲ್ಲಿ ಕಿಟೆಲ್ ಸಾಹೇಬರು ಮಂಗಳೂರಿನಲ್ಲಿ ಅಚ್ಚು ಹಾಕಿಸಿದ ದೊಡ್ಡ ಕೋಶವನ್ನಾಗಲಿ, ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳನ್ನಾಗಲಿ ತೆರೆಯುವ ಅಗತ್ಯವಿಲ್ಲ. ಊರಿನಲ್ಲಿರುವ ಯಾವ ಅಜ್ಜಿಯೂ ಒಂದು ಮಧ್ಯಾಹ್ನದಲ್ಲಿ ಇವನ್ನೆಲ್ಲ ಆಡುತ್ತಾಳೆ. ಈಗ ಹಿರಿಯರನ್ನು ಕೇಳುತ್ತೇವೆ: ಇಂಪು ಕಂಪು ತಂಪುಗಳನ್ನು ಬೇರೆ ಬೇರೆ ಹೆಸರಿನಿಂದ ಕರೆಯುವ ಭಾಷೆ ಅಂದಾಜಿನದೋ, ಮೂರನ್ನೂ ನೈಸ್ ಎನ್ನುವ ನಿಮ್ಮ ಮನೆಯ ಇಂಗ್ಲಿಷು ಅಂದಾಜಿನದೋ?

ನಿಮ್ಮ ಮನೆಯ ಇಂಗ್ಲಿಷು ಎಂದು ಬೇಕೆಂದೇ ಬರೆದಿದ್ದೇವೆ. ಇಂಗ್ಲಿಷಿನಲ್ಲಿ ಸೂಕ್ಷ್ಮವಿಲ್ಲವೆಂದು ಹೇಳುವುದು ಮೂರ್ಖತನ. ಆ ಭಾಷೆಯಲ್ಲಿಯೂ ಪ್ರತಿಯೊಂದು ಹಿತಕ್ಕೂ ಹೆಸರಿದೆ, ಅದರ ಕವಿಗಳು ಅದನ್ನು ತೋರಿಸಿದ್ದಾರೆ. ಆದರೆ ಆ ಶ್ರೀಮಂತ ಇಂಗ್ಲಿಷು ನಮ್ಮ ನಡುಮನೆಗೆ ಬಂದಿಲ್ಲ. ಬಂದಿರುವುದು ನೈಸ್, ಫೈನ್, ಸೂಪರ್, ಓಕೆ ಎಂಬ ನಾಲ್ಕು ಕಾಸಿನ ಚಿಲ್ಲರೆ. ಈಗಂತೂ ಅದೂ ಬೇಡ, ಮೊಬೈಲಿನಲ್ಲಿ ಹೆಬ್ಬೆರಳಿನ ಚಿತ್ರವೊಂದನ್ನು ಒತ್ತಿದರೆ ಮುಗಿಯಿತು; ಅತ್ತೆಯ ಶಸ್ತ್ರಚಿಕಿತ್ಸೆ ಸುಸೂತ್ರವಾಯಿತೆಂಬ ಸುದ್ದಿಗೂ ಅದೇ ಹೆಬ್ಬೆರಳು, ನಾಳೆ ನಲ್ಲಿಯಲ್ಲಿ ನೀರು ಬರುತ್ತದೆಂಬ ಸುದ್ದಿಗೂ ಅದೇ.

ಎರಡು ಆಕ್ಷೇಪಣೆಗಳು

ನಮ್ಮ ಮಾತಿಗೆ ಬರುವ ಆಕ್ಷೇಪಣೆಗಳು ನಮಗೆ ತಿಳಿಯದವಲ್ಲ. ಮೊದಲನೆಯದು: ಕನ್ನಡದವರೂ ಎಲ್ಲಕ್ಕೂ 'ಚೆನ್ನಾಗಿದೆ' ಎನ್ನುತ್ತಾರಲ್ಲ, ಅದು ಮಾತ್ರ ಸೋಮಾರಿತನವಲ್ಲವೆ?

ನಿಜ, ಅದೂ ಸೋಮಾರಿತನವೇ. ಧಾರವಾಡದವರ 'ಛಲೋ', ಕರಾವಳಿಯವರ 'ಲಾಯ್ಕ್', ಮೈಸೂರಿನವರ 'ಚೆನ್ನಾಗಿದೆ', ಯಾವುದನ್ನೂ ನಾವು ಪೂಜೆಗಿಡುವುದಿಲ್ಲ. ಸಂಘಗಳ ವರದಿಗಳಲ್ಲಿ ಪ್ರತಿ ವರ್ಷವೂ ಕಾರ್ಯಕ್ರಮ "ಅದ್ದೂರಿಯಾಗಿ ಜರುಗಿತು" ಎಂದು ಅಚ್ಚಾಗುತ್ತದೆ. ಹಾಡು ಶ್ರುತಿ ತಪ್ಪಿದ ವರ್ಷವೂ ಅದೇ ವಾಕ್ಯ. ಆದರೂ ಒಂದು ಭೇದವಿದೆ. ಚೆನ್ನಾಗಿದೆ ಎಂದು ಶುರುಮಾಡಿದ ಅಜ್ಜಿ ಅಲ್ಲಿಗೆ ನಿಲ್ಲುವುದಿಲ್ಲ. "ಚೆನ್ನಾಗಿದೆ ಕಣೇ, ಆದರೆ ಹುಳಿ ಒಂದು ಚೂರು ಮುಂದಾಯ್ತು" ಎನ್ನುತ್ತಾಳೆ. ಅವಳಿಗೆ ಆ ಪದ ಹೊಸ್ತಿಲು, ಒಳಗೆ ಮನೆಯಿದೆ. ಕನ್ನಡ ಬಿಟ್ಟು ನೈಸ್ ಹಿಡಿದ ಮೊಮ್ಮಗನಿಗೆ ಹೊಸ್ತಿಲೇ ಮನೆ.

ಛಲೋ, ಲಾಯ್ಕ್‌ಗಳಿಗೂ ಒಂದು ಬೆಲೆಯಿದೆ. ಲಾಯ್ಕ್ ಎಂಬುದು ಅರಬ್ಬಿಯಿಂದ ಬಂದದ್ದು. ಅಲ್ಲಿ ಅದರ ಅರ್ಥ ತಕ್ಕದ್ದು, ಯೋಗ್ಯ. ಅದೂ ಎರವಲೇ. ಆದರೆ ಈ ಮಾತನ್ನು ಆಡಿದವರು ಉಡುಪಿಯವರೋ ಕುಂದಾಪುರದವರೋ ಎಂಬುದನ್ನು ಕೇಳಿದೊಡನೆ ಊಹಿಸಬಹುದು. ಮಹಾನಗರದ ಸಂಘವೆಂದರೆ ನಾಲ್ಕು ಸೀಮೆಯ ಕನ್ನಡ ಒಂದೇ ಚಾಪೆಯ ಮೇಲೆ ಕೂರುವ ಜಾಗ. ಅವರೆಲ್ಲರ ಮಕ್ಕಳು ಒಂದೇ ಸ್ವರದಲ್ಲಿ ನೈಸ್ ಎಂದಾಗ ಅಳಿಸಿಹೋಗುವುದು ಒಂದು ಪದವಲ್ಲ, ನಾಲ್ಕು ಊರುಗಳು.

ಎರಡನೆಯ ಆಕ್ಷೇಪಣೆ ಇನ್ನೂ ಗಟ್ಟಿಯಾದದ್ದು. ಹೊಟ್ಟೆಪಾಡಿಗೆ ಊರು ಬಿಟ್ಟು ಬಂದವರು ನಾವು, ಮಕ್ಕಳು ಇಂಗ್ಲಿಷಿನಲ್ಲಿ ಮುಂದಾಗದಿದ್ದರೆ ಅವರಿಗೆ ಅನ್ನವಿಲ್ಲ, ಇಂಪು ಕಂಪು ಕಟ್ಟಿಕೊಂಡು ಏನು ಮಾಡೋಣ ಎಂಬ ತಂದೆತಾಯಿಯರ ಭಯ. ಈ ಭಯವನ್ನು ನಾವು ಹಗುರವಾಗಿ ಕಾಣುವವರಲ್ಲ. ಬಾಡಿಗೆ ಮನೆ, ಶಾಲೆಯ ಶುಲ್ಕ, ಎರಡು ಗಂಟೆಯ ಪ್ರಯಾಣ, ಇವುಗಳ ನಡುವೆ ಮಕ್ಕಳ ಭವಿಷ್ಯ ನೋಡುವವರಿಗೆ ಭಾಷಾಪ್ರೇಮದ ಉಪದೇಶ ಹೊಟ್ಟೆ ತುಂಬಿಸುವುದಿಲ್ಲ.

ಆದರೆ ಭಯ ನಿಜವೆಂದ ಮಾತ್ರಕ್ಕೆ ಅದಕ್ಕೆ ಹುಡುಕಿದ ಮದ್ದು ಸರಿಯಾಗಬೇಕಿಲ್ಲ. ಖಚಿತತೆ ಒಂದು ಭಾಷೆಯ ಸೊತ್ತಲ್ಲ, ಅದು ಮನಸ್ಸಿನ ಅಭ್ಯಾಸ. ಎರಡು ವಸ್ತುಗಳು ಒಂದೇ ಅಲ್ಲವೆಂದು ಕಂಡು, ಆ ಭೇದಕ್ಕೆ ಹೆಸರು ಹುಡುಕುವ ಅಭ್ಯಾಸ. ಈ ಅಭ್ಯಾಸ ಮಗುವಿಗೆ ಬರುವುದು ಹೆತ್ತವರಿಗೆ ಯಾವ ಭಾಷೆಯಲ್ಲಿ ಹತ್ತು ಪದ ಗೊತ್ತಿದೆಯೋ ಆ ಭಾಷೆಯಲ್ಲಿ. ಒಂದೇ ಪದ ಗೊತ್ತಿರುವ ಭಾಷೆಯಲ್ಲಲ್ಲ. ನುಣುಪಿಗೂ ನವಿರಿಗೂ ಭೇದ ಕಂಡ ಹುಡುಗಿ ಇಂಗ್ಲಿಷಿಗೆ ಹೋದಾಗ ಅಲ್ಲಿಯೂ ಎರಡು ಪದ ಹುಡುಕುತ್ತಾಳೆ. ಎರಡನ್ನೂ ನೈಸ್ ಎಂದು ಬೆಳೆದವಳು ಹುಡುಕುವುದೇ ಇಲ್ಲ, ಏಕೆಂದರೆ ಏನೋ ಕಳೆದಿದೆಯೆಂದು ಅವಳಿಗೆ ತಿಳಿದೇ ಇಲ್ಲ. ಲ್ಯಾಟಿನ್ನಿನವರು ನೆಸ್ಕಿಯುಸ್ ಎಂದದ್ದು ಈ ಸ್ಥಿತಿಗೇ ಅಲ್ಲವೆ?

ಉದಾಹರಣೆ ಬೇಕಿದ್ದರೆ ನಮ್ಮ ಸಾಹಿತ್ಯವೇ ಇದೆ. ಹೊಸ ಕನ್ನಡ ಕವಿತೆಗೆ 'ಇಂಗ್ಲಿಷ್ ಗೀತಗಳು' ಮೂಲಕ ದಾರಿ ಹಾಕಿಕೊಟ್ಟ ಬಿ. ಎಂ. ಶ್ರೀಕಂಠಯ್ಯನವರು ಇಂಗ್ಲಿಷ್ ಪ್ರಾಧ್ಯಾಪಕರು. ಗೋಕಾಕರು, ಅಡಿಗರು, ಲಂಕೇಶರು, ಅನಂತಮೂರ್ತಿಯವರು ಎಲ್ಲರೂ ಇಂಗ್ಲಿಷ್ ಪಾಠ ಹೇಳಿದವರೇ. ಬೇಂದ್ರೆಯವರ ಮನೆಮಾತು ಮರಾಠಿ, ಮಾಸ್ತಿಯವರದು ತಮಿಳು. ಮುಂಬಯಿಯಲ್ಲಿ ರಾಸಾಯನಿಕ ಉದ್ಯಮದಲ್ಲಿ ದುಡಿಯುತ್ತಲೇ ಯಶವಂತ ಚಿತ್ತಾಲರು 1979ರಲ್ಲಿ 'ಶಿಕಾರಿ' ಕೊಟ್ಟರು. ಇವರಲ್ಲಿ ಯಾರಿಗೂ ಒಂದು ಭಾಷೆ ಇನ್ನೊಂದರ ಅನ್ನ ಕಸಿಯಲಿಲ್ಲ. ಇಂಗ್ಲಿಷನ್ನು ಆಳವಾಗಿ ಬಲ್ಲವರು ಕನ್ನಡವನ್ನು ಅಂದಾಜಿನ ಭಾಷೆಯೆಂದು ಕರೆದುದನ್ನು ನಾವು ಕೇಳಿಲ್ಲ. ಹಾಗೆ ಕರೆಯುವವರು ಸಾಮಾನ್ಯವಾಗಿ ಎರಡನ್ನೂ ಮೇಲೆ ಮೇಲೆ ಬಲ್ಲವರು.

ಬೇಡಿಕೆ ದೊಡ್ಡದಲ್ಲ

ಹಾಗಾದರೆ ಏನು ಮಾಡಬೇಕು? ಪ್ರತಿಜ್ಞೆ ಬೇಡ, ದಂಡ ಬೇಡ, ಇಂಗ್ಲಿಷ್ ಆಡಿದವರಿಂದ ಡಬ್ಬಿಗೆ ಹಣ ಹಾಕಿಸುವ ಆಟವೂ ಬೇಡ. ಮಕ್ಕಳನ್ನು ಅವಮಾನಿಸಿ ಕಲಿಸಿದ ಭಾಷೆ ಅವರ ಬಾಯಲ್ಲಿ ನಿಲ್ಲುವುದಿಲ್ಲ.

ನಾವು ಕೇಳುವುದು ಒಂದೇ ಒಂದು ಚಿಕ್ಕ ಪ್ರಶ್ನೆ. ಮಗು ನೈಸ್ ಎಂದಾಗ "ಹೇಗೆ ನೈಸ್?" ಎನ್ನಿ. ಚಕ್ಕುಲಿ ಹೇಗೆ ನೈಸ್? ಗರಿಗರಿಯೋ, ಎಳ್ಳಿನ ಘಮವೋ, ಬೆಣ್ಣೆ ಹಾಕಿದ್ದಕ್ಕೆ ಬಾಯಲ್ಲಿ ಕರಗುತ್ತದೋ? ನಾಟಕ ಹೇಗೆ ನೈಸ್? ನಗು ಬಂತೋ, ಗಂಟಲು ಕಟ್ಟಿತೋ? ಟೀಚರು ಹೇಗೆ ನೈಸ್? ಗದರುವುದಿಲ್ಲವೆಂದೋ, ಗದರಿದರೂ ಆಮೇಲೆ ಬೆನ್ನು ತಟ್ಟುತ್ತಾರೆಂದೋ? ಉತ್ತರಕ್ಕೆ ಮಗು ತಡವರಿಸುತ್ತದೆ. ಆ ತಡವರಿಕೆಯೇ ಪಾಠ. ಪದ ಸಿಕ್ಕದಿದ್ದರೆ ನೀವು ಕೊಡಿ; ನಿಮಗೂ ಸಿಕ್ಕದಿದ್ದರೆ ಊರಿಗೆ ಫೋನು ಮಾಡಿ ಅಜ್ಜಿಯನ್ನು ಕೇಳಿ. ಆ ಅಜ್ಜಿಗೂ ಯಾರಾದರೂ ತನ್ನನ್ನು ಏನನ್ನಾದರೂ ಕೇಳಿ ಬಹಳ ದಿನವಾಗಿರಬಹುದು.

ಭಾನುವಾರದ ಕನ್ನಡ ತರಗತಿಗಳನ್ನು ನಡೆಸುವ ಸಂಘಗಳಿಗೂ ಒಂದು ವಿನಂತಿ. ಅಕ್ಷರಮಾಲೆ ಮುಗಿದೊಡನೆ ನಾಡಗೀತೆ ಬಾಯಿಪಾಠ ಮಾಡಿಸಿ ಪ್ರಮಾಣಪತ್ರ ಕೊಡುವ ಬದಲು, ಒಂದು ವಾರ ಬರಿಯ ರುಚಿಯ ಪದಗಳು, ಒಂದು ವಾರ ಸದ್ದಿನ ಪದಗಳು, ಒಂದು ವಾರ ಮುಟ್ಟಿ ನೋಡುವ ಪದಗಳು ಎಂದು ಇಟ್ಟುಕೊಳ್ಳಬಾರದೇಕೆ? ಒಂದು ತಟ್ಟೆ ತಿಂಡಿ, ಒಂದಿಷ್ಟು ಬಟ್ಟೆಯ ತುಂಡು, ಇವೇ ಪಠ್ಯಪುಸ್ತಕ.

ನೈಸ್ ಎಂಬ ಪದದ ಮೇಲೆ ನಮಗೆ ಹಗೆಯಿಲ್ಲ. ದಡ್ಡನಾಗಿ ಹುಟ್ಟಿ ಸೂಕ್ಷ್ಮಮತಿಯಾಗಿ ಬೆಳೆದ ಅದನ್ನು ಎಲ್ಲಕ್ಕೂ ಎಳೆದು ಮತ್ತೆ ದಡ್ಡನನ್ನಾಗಿ ಮಾಡಿದವರು ಬಳಸುವವರು. ಹಿಟ್ಟು ನೈಸಾಗಿರಲಿ, ಸೀರೆ ನೈಸಾಗಿರಲಿ. ಸಾಲಗಾರ ನೈಸಾಗಿ ಜಾರಿಕೊಂಡರೂ ಸಹಿಸೋಣ. ನಮ್ಮ ಮಕ್ಕಳ ಬಾಯಿಂದ ಕನ್ನಡ ಹಾಗೆ ಜಾರಿಕೊಂಡರೆ ಮಾತ್ರ ಅದನ್ನು ಯಾವ ಪೊಲೀಸರೂ ಹಿಡಿದು ತಂದುಕೊಡುವುದಿಲ್ಲ.